ಭಯವೇ ಕಟ್ಟಿಸಿದ ಸೇತುವೆ

ಎಡಿನ್‌ಬರ್ಗಿನಲ್ಲಿ ರೈಲು ಹತ್ತಿ ಸರಿಯಾಗಿ ಕೂತೂ ಇರಲಿಲ್ಲ, ಕಿಟಕಿಯಾಚೆ ಕೆಂಪು ಉಕ್ಕಿನ ಕೊಳವೆಗಳು ಒಂದರ ಬೆನ್ನಿಗೊಂದು ಓಡತೊಡಗಿದವು. ಕೆಳಗೆ ಸಮುದ್ರಕ್ಕೆ ಬಾಯ್ದೆರೆದ ಫೋರ್ತ್ ನದಿ.

“ಇಲ್ಲಿಂದ ಏನೂ ಕಾಣಂಗಿಲ್ರಿ ಮಾವಾ. ಆಚಿ ದಂಡಿಗಿ ಇಳದು ನೋಡೂಣು ಬರ್ರಿ,” ಅಂದ ಅಳಿಯ.

ಅಂದೋಲಾದಿಂದ ಕಲಬುರಗಿಗೆ ಹೊರಟರೆ ಕಟ್ಟಿಸಂಗಾವಿಯಲ್ಲಿ ಭೀಮೆ ದಾಟುತ್ತೇವಲ್ಲ, ಸೇತುವೆ ಅಂದರೆ ನನಗೆ ಅದೇ. ಈ ಫೋರ್ತ್ ರೈಲುಸೇತುವೆ ಸುಮಾರು ಎರಡೂವರೆ ಕಿಲೋಮೀಟರ್! ನಾರ್ತ್ ಕ್ವೀನ್ಸ್‌ಫೆರಿಯಲ್ಲಿ ಇಳಿದು ಓಣಿಯ ಇಳಿಜಾರು ಹಿಡಿದರೆ ಮನೆಗಳ ನೆತ್ತಿಯ ಮೇಲೇ ನಿಂತಿತ್ತು. ನೀರಿನಿಂದ 110 ಮೀಟರ್ ಎತ್ತರ. ದೊಡ್ಡ ಕೊಳವೆಗಳ ವ್ಯಾಸ 12 ಅಡಿ. ಒಳಗೆ ನಮ್ಮೂರ ಎತ್ತಿನ ಬಂಡಿ ಹೊಡೆಯಬಹುದು. ಹತ್ತಿರ ಹೋದರೆ ಬಣ್ಣದಡಿ ಸಾಲುಸಾಲು ದುಂಡು ತಲೆಗಳು, ರಿವೆಟ್‌ಗಳವು. ಅಂಥವು 65 ಲಕ್ಷ. ಒಂದೊಂದನ್ನೂ ಕೆಂಪಗೆ ಕಾಯಿಸಿ, ತೂತಿಗಿಟ್ಟು, ತಲೆ ಒತ್ತಿ ಕೂರಿಸಿದ್ದು.

ಇಷ್ಟು ಉಕ್ಕು ಯಾಕೆ ಬೇಕಿತ್ತು? ಭಯಕ್ಕೆ. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಟೇ ನದಿಯ ಸೇತುವೆ ಕುಸಿದು, ಮೇಲಿದ್ದ ರೈಲು ಜನರ ಸಮೇತ ನೀರುಪಾಲಾಯಿತು. ಅದನ್ನು ಕಟ್ಟಿದ ಥಾಮಸ್ ಬೌಚ್ ಫೋರ್ತ್‌ಗೂ ತೂಗುಸೇತುವೆ ಯೋಚಿಸಿದ್ದ. ಆಮೇಲೆ ಅವನ ನಕ್ಷೆ ಯಾರಿಗೆ ಬೇಕು? ಕೆಲಸ ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್ ಪಾಲಿಗೆ ಬಂತು. ಜನರ ಅಂಜಿಕೆ ಬಿಡಿಸಲು ಬೇಕರ್ ಮಾಡಿದ ಉಪಾಯ ನನಗೆ ಭಾಳ ಹಿಡಿಸಿತು. ಇಬ್ಬರನ್ನು ಕುರ್ಚಿ ಮೇಲೆ ಕೂರಿಸಿ ಕೈ ಚಾಚಿಸಿದ. ಕೈಗೆ ಆಸರೆಯಾಗಿ ಕೋಲು, ಹೊರಬದಿಗೆ ಇಟ್ಟಿಗೆಯ ಭಾರ. ನಡುವೆ ತೂಗಿದ ಹಲಗೆಯ ಮೇಲೆ ಮೂರನೆಯವ: ಗ್ಲಾಸ್ಗೋದಲ್ಲಿ ಓದಿದ ಜಪಾನಿ ಎಂಜಿನಿಯರ್ ಕಾಯಿಚಿ ವಾತಾನಾಬೆ. ಆ ಫೋಟೋ ನೋಡಿದವನಿಗೆ ಲೆಕ್ಕ ಬಾರದಿದ್ದರೂ ಸೇತುವೆ ತಿಳಿಯುತ್ತದೆ. ಎದುರಿಗೆ ಕಾಣುತ್ತಿದ್ದುದೂ ಅದೇ, ಕೈ ಚಾಚಿ ಕೂತ ಮೂರು ಉಕ್ಕಿನ ಆಳು.

1890ರ ಮಾರ್ಚ್ 4ರಂದು ಉದ್ಘಾಟನೆ. 2015ರ ಜುಲೈನಲ್ಲಿ ಬಾನ್ ನಗರದ ಸಭೆಯಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಾದರೆ ಪರಂಪರೆ ಅಂದಕೂಡಲೇ ಬೀಗ, ಟಿಕೆಟ್ಟು. ಇಲ್ಲಿ ದಿನಕ್ಕೆ ಸುಮಾರು 200 ರೈಲು ಗಡಗಡ ಅನ್ನುತ್ತ ಹಾಯುತ್ತವೆ, ಒಳಗಿನವರು ಫೋನಿನಿಂದ ತಲೆ ಎತ್ತುವುದಿಲ್ಲ.

ಕಟ್ಟುವಾಗ ಸತ್ತವರು 57 ಅಂತ ಬಹುಕಾಲ ಹೇಳುತ್ತಿದ್ದರು. ಇಲ್ಲಿಯ ಇತಿಹಾಸಾಸಕ್ತರು ದಾಖಲೆ ಕೆದಕಿ 73 ಅಂತ ತೋರಿಸಿದರು, ಈಗ ಸ್ಮಾರಕವಿದೆ. ಕೆಳಗೆ ಕಾಯುತ್ತಿದ್ದ ದೋಣಿಗಳು ಎಂಟು ಮಂದಿಯನ್ನು ಉಳಿಸಿದ್ದವಂತೆ. ನಮ್ಮ ಕಲಬುರಗಿ, ಶಹಾಬಾದ್ ಹಾದು ರಾಯಚೂರಿಗೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯ ಹಳಿ 1871ರಲ್ಲೇ ಬಂತು. ಅದನ್ನು ಹಾಸಿದ ಕೂಲಿಗಳ ಹೆಸರು ಕೆತ್ತಿದ ಕಲ್ಲನ್ನು ನಾನಂತೂ ಕಂಡಿಲ್ಲ.