ಸಾಕ್ಷಿ

ನಮ್ಮ ಸಭೆಯಲ್ಲಿ ಭಾನುವಾರದ ಪ್ರಾರ್ಥನೆಯ ಬಳಿಕ ‘ಸಾಕ್ಷಿ’ ಹೇಳುವ ವಾಡಿಕೆಯುಂಟು. ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಒಬ್ಬೊಬ್ಬರಾಗಿ ಎದ್ದು ನಿಂತು ಹೇಳಬೇಕು. ದಮಸ್ಕದ ದಾರಿಯಲ್ಲಿ ಬೆಳಕು ಕಂಡ ಪೌಲನ ಕಥೆಯಂಥದು ನನ್ನಲ್ಲೊಂದೂ ಇಲ್ಲವಲ್ಲ ಎಂಬ ಕೊರಗು ನನಗಿತ್ತು.

ಕೊಟ್ಟೂರಿನ ತೇರಿನ ಕಾಲಕ್ಕೆ ಆ ಕೊರಗು ನೀಗಿತು. ಗೆಳೆಯನ ಮನೆಯಲ್ಲಿ, ಕಾಲ್ನಡೆಯಿಂದ ಬಂದ ಭಕ್ತರ ಪಂಕ್ತಿಯಲ್ಲಿ ನನಗೂ ಎಲೆ ಹಾಕಿ, ಅವನ ತಾಯಿ ಗೋಧಿಹುಗ್ಗಿ ಬಡಿಸಲು ಬಂದರು. ಎಡೆ ಹಿಡಿದ ಊಟ ನನಗೆ ಸಲ್ಲದೆಂದು ಬಗೆದು, ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ಎದ್ದುಬಂದೆ. ಮುಂದಿನ ಭಾನುವಾರ ಇದನ್ನೇ ಸಾಕ್ಷಿಯಾಗಿ ಹೇಳಿದೆ. ಸುಳ್ಳನ್ನು ಮಾತ್ರ ಬಿಟ್ಟೆ. ಹಿರಿಯರು ತಲೆದೂಗಿದರು.

ಕೆಲವು ತಿಂಗಳ ಮೇಲೆ ಕಾಲೇಜಿನ ಗ್ರಂಥಾಲಯದಲ್ಲಿ ಸರ್ವಜ್ಞನ ವಚನಗಳ ಪುಸ್ತಕ ಕೈಗೆ ಬಂತು. ಸಂಪಾದಕರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಉತ್ತಂಗಿಯೆಂದರೆ ನಮ್ಮ ಹಡಗಲಿ ತಾಲ್ಲೂಕಿನ ಊರಲ್ಲವೇ! ಕುತೂಹಲದಿಂದ ಅವರ ಚರಿತ್ರೆಯನ್ನು ಓದಿದೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಪಾದ್ರಿಗಳಾದ ಇವರು ಊರೂರು ಅಲೆದು ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಶರಣರ ವಚನಗಳನ್ನೂ ಸಂಪಾದಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1962ರಲ್ಲಿ ತೀರಿಕೊಳ್ಳುವವರೆಗೂ ಕ್ರಿಸ್ತನನ್ನು ಬಿಡಲಿಲ್ಲ. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ನೆಂದು ಕರೆದುಕೊಂಡರು.

ತಿರುಕನಾದವನು ಜಾತಿ ಕೇಳದೆ ಮನೆಮನೆಯ ಮುಂದೆ ಕೈಯೊಡ್ಡುತ್ತಾನೆ. ನಾನಾದರೋ ಕರೆದು ನೀಡಿದ್ದನ್ನೇ ಒಲ್ಲೆನೆಂದವನು. ದೇವಾಲಯದಲ್ಲಿ ನಿಂತು ತನ್ನ ಉಪವಾಸವನ್ನು ತಾನೇ ಕೊಂಡಾಡಿಕೊಂಡ ಫರಿಸಾಯನೂ, ದೂರ ನಿಂತು ಎದೆ ಬಡಿದುಕೊಂಡ ಸುಂಕದವನೂ ನೆನಪಾದರು. ಇಬ್ಬರಲ್ಲಿ ನಾನಾರೆಂಬುದನ್ನು ಬೇರೆ ಹೇಳಬೇಕೇ?

ತಪ್ಪೊಪ್ಪಿಕೊಳ್ಳಲು ಕೊಟ್ಟೂರಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ, “ಬಾ ತಮ್ಮಾ, ಹೊಟ್ಟೆ ನೆಟ್ಟಗಾತೇನು? ಅವತ್ತು ಉಪಾಸ ಹೋದೆಲ್ಲಾ” ಎಂದರು. ನನ್ನ ಸುಳ್ಳನ್ನು ನಂಬಿ ಇಷ್ಟು ದಿನವೂ ಅವರು ಮರುಗಿದ್ದರು! ತಲೆ ತಗ್ಗಿಸಿ ನಿಜ ಹೇಳಿದೆ. ಕ್ಷಣಕಾಲ ಸುಮ್ಮನಿದ್ದರು. ಬಳಿಕ, “ಕೈಕಾಲು ತೊಳ್ಕೊ ಹೋಗು, ರೊಟ್ಟಿ ಬಿಸಿ ಅದಾವು” ಎಂದರು.

ಉಂಡೆ. ಆ ಭಾನುವಾರ ಮತ್ತೆ ಎದ್ದು ನಿಂತು, ಬಿಟ್ಟಿದ್ದ ಸುಳ್ಳನ್ನೂ ಸೇರಿಸಿ, ಮೊದಲಿನ ಸಾಕ್ಷಿಯನ್ನು ತಿದ್ದಿ ಹೇಳಿದೆ. ಈ ಸಲ ಯಾರೂ ತಲೆದೂಗಲಿಲ್ಲ. ಎದೆಯ ಭಾರ ಮಾತ್ರ ಇಳಿದಿತ್ತು.