ವಾರ್ಡಿನ ಮಾತಿಗೆ ಸಂಬಳವಿಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕುಂದಾಪುರದ ಸುತ್ತಿನ ಬೀಜಾಡಿ, ಗೋಪಾಡಿ, ಕುಂಭಾಶಿ ಕಡೆ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಒಂದು ಚರ್ಚೆ ತಪ್ಪುವುದಿಲ್ಲ: ಪಿಯುಸಿಗೆ ಸಯನ್ಸೋ, ಕಾಮರ್ಸೋ? ನರ್ಸಿಂಗ್ ಮಾಡಿಸುವ ಆಸೆಯಿದ್ದರೆ ಮುಂದಿನ ಹತ್ತು ವರ್ಷದ ಹಣೆಬರಹ ಅಲ್ಲೇ ಅರ್ಧ ಬರೆದಾಗುತ್ತದೆ. ಬಿ.ಎಸ್ಸಿ. ನರ್ಸಿಂಗಿಗೆ ಭೌತ, ರಸಾಯನ, ಜೀವಶಾಸ್ತ್ರ ಓದಿ ಶೇ. 45 ಅಂಕ ತೆಗೆದಿರಬೇಕು. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾಗೆ ಯಾವ ವಿಭಾಗವಾದರೂ ನಡೆಯುತ್ತದೆ, ಇಂಗ್ಲಿಷ್ ಒಂದು ವಿಷಯವಾಗಿದ್ದು ಶೇ. 40 ಬಂದರೆ ಸಾಕು. ಅದು ನಾಲ್ಕು ವರ್ಷ, ಇದು ಮೂರು. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಸಯನ್ಸ್ ಎಂದರೆ ವಿಜ್ಞಾನದ ಭಯಕ್ಕಿಂತ ಇಂಗ್ಲಿಷಿನ ಭಯವೇ ಹೆಚ್ಚು. ಕಾಮರ್ಸ್ ತೆಗೆದುಕೊಳ್ಳುತ್ತಾಳೆ, ಎರಡು ವರ್ಷ ಕಳೆದು ಜಿಎನ್‌ಎಂಗೆ ಸೇರುತ್ತಾಳೆ.

ಸೇರಿ ಮುಗಿಸಿ ಬಂದಮೇಲೆ ಏನು ವ್ಯತ್ಯಾಸ ಎಂದು ಕೇಳಿದರೆ, ನಮ್ಮ ಸುತ್ತಲಿನ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಹೆಚ್ಚೇನೂ ಕಾಣದು. ಇಬ್ಬರದೂ ಅದೇ ಯೂನಿಫಾರ್ಮು, ಅದೇ ನೈಟ್ ಡ್ಯೂಟಿ, ತಿಂಗಳ ಕೊನೆಗೆ ಹೆಚ್ಚುಕಮ್ಮಿ ಅದೇ ಲಕೋಟೆ. ವ್ಯತ್ಯಾಸ ತಿಳಿಯುವುದು ಊರು ಬಿಟ್ಟು ಮೇಲೆ ಹೋಗಲು ಹೊರಟಾಗ. ಏಮ್ಸ್ ಆಸ್ಪತ್ರೆಗಳಿಗೆ ನರ್ಸುಗಳನ್ನು ಆರಿಸುವ ನಾರ್‌ಸೆಟ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಆಯ್ಕೆಯಾದವರ ಮೂಲವೇತನ ಏಳನೇ ವೇತನ ಆಯೋಗದ ಲೆಕ್ಕದಲ್ಲಿ 44,900 ರೂಪಾಯಿಯಿಂದ ಶುರು. ಜಿಎನ್‌ಎಂನವಳಿಗೂ ಅಷ್ಟೇ, ಬಿ.ಎಸ್ಸಿ.ಯವಳಿಗೂ ಅಷ್ಟೇ. ಆದರೆ ಬಿ.ಎಸ್ಸಿ.ಯವಳು ನೋಂದಣಿಯಾದೊಡನೆ ಪರೀಕ್ಷೆಗೆ ಕೂರಬಹುದು. ಜಿಎನ್‌ಎಂನವಳು ಐವತ್ತು ಹಾಸಿಗೆಗೆ ಕಡಿಮೆಯಿಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದಿರಬೇಕು. ಮನೆಗೆ ಹತ್ತಿರ, ಮಧ್ಯಾಹ್ನ ಬಂದು ಉಂಡು ಹೋಗಬಹುದು ಎಂದು ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ಸೇರಿದ ಹುಡುಗಿಯ ಐದು ವರ್ಷದ ಅನುಭವ ಆ ಅರ್ಜಿಯಲ್ಲಿ ಸೊನ್ನೆ. ಇದನ್ನು ಸೇರುವಾಗ ಯಾರೂ ಹೇಳುವುದಿಲ್ಲ. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವುದಿದ್ದರಂತೂ ಪದವಿ ಬೇಕೇ ಬೇಕು, ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಎಂ.ಎಸ್ಸಿ. ಜಿಎನ್‌ಎಂನವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎಂಬ ದಾರಿಯಿದೆ. ದುಡಿಮೆ ಬಿಟ್ಟು ಓದಲು ಮನೆಯವರು ಒಪ್ಪಬೇಕು, ಅಷ್ಟೆ.

ಹಾಸಿಗೆಯ ಲೆಕ್ಕ ಸಂಬಳಕ್ಕೂ ಇದೆ. ಖಾಸಗಿ ಆಸ್ಪತ್ರೆಯ ನರ್ಸುಗಳ ದುಡಿಮೆಯ ಬಗ್ಗೆ ದಾದಿಯರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2016ರ ಜನವರಿಯಲ್ಲಿ ಬಂದ ಆದೇಶದಂತೆ ನೇಮಕವಾದ ಸಮಿತಿ ಹೇಳಿದ್ದು ಇಷ್ಟು: ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸಿನಷ್ಟೇ ಸಂಬಳ, ನೂರು ದಾಟಿದ್ದರೆ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. ಐವತ್ತರಿಂದ ನೂರಕ್ಕೆ ಶೇ. 25, ಐವತ್ತಕ್ಕಿಂತ ಕಡಿಮೆಯಿದ್ದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳದ್ದು. ಕೇರಳದ ನರ್ಸುಗಳು ಬೀದಿಗಿಳಿದರು, 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ 20,000 ರೂಪಾಯಿಯ ಕನಿಷ್ಠ ವೇತನ ಅಧಿಸೂಚನೆ ಹೊರಡಿಸಿತು. ಆ ಅಧಿಸೂಚನೆ ಗಡಿಯ ತಲಪಾಡಿ ಗೇಟಿನವರೆಗೆ. ಗೇಟು ದಾಟಿ ಮಂಗಳೂರಿಗೆ ಓದಲು ಬಂದು ಇಲ್ಲೇ ಡ್ಯೂಟಿಗೆ ನಿಂತ ಮಲಯಾಳಿ ಹುಡುಗಿಯರಿಗೆ ಈ ಲೆಕ್ಕ ಬಾಯಿಪಾಠ. ಹಾಸ್ಟೆಲಿನಲ್ಲಿ ಅವರ ಜೊತೆಗಿದ್ದು ಮಲಯಾಳ ಕಲಿತ ನಮ್ಮ ಹುಡುಗಿಯರಿಗೆ ಹಾಡು, ಸಿನಿಮಾ ಎಲ್ಲ ಬಂತು, ಸಂಘ ಕಟ್ಟುವ ವಿದ್ಯೆಯೊಂದು ಬರಲಿಲ್ಲ.

ಭಾಷೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕುಂದಾಪುರದ ಸುತ್ತಿನ ಯಾವುದೇ ವಾರ್ಡಿನಲ್ಲಿ ಒಂದು ಹಾಸಿಗೆಯಲ್ಲಿ ಗಂಗೊಳ್ಳಿಯ ಖಾರ್ವಿ ಕೊಂಕಣಿ, ಪಕ್ಕದಲ್ಲಿ ಮೊಗವೀರರ ಕುಂದಗನ್ನಡ, ಆಚೆ ಉಡುಪಿ ಕಡೆಯ ತುಳು, ಮೂಲೆಯಲ್ಲಿ ಭಟ್ಕಳದ ನವಾಯತಿ. ನನ್ನ ದೊಡ್ಡಮ್ಮ ಸೊಂಟ ಮುರಿದುಕೊಂಡು ಮಲಗಿದ್ದಾಗ ಹೊಸದಾಗಿ ಬಂದಿದ್ದ ಒಬ್ಬಳು ಚಾರ್ಟ್ ಹಿಡಿದು, "ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಹೇಳಿ ಅಜ್ಜಿ" ಎಂದಳು. ದೊಡ್ಡಮ್ಮ, "ನಂಗೆ ಲೆಕ್ಕ ಬತ್ತಿಲ್ಲೆ ಮಗಾ" ಎಂದು ಗೋಡೆ ನೋಡಿದರು. ಪಾಳಿ ಬದಲಾಗಿ ಗಂಗೊಳ್ಳಿಯ ಸಿಸ್ಟರ್ ಬಂದಳು. ಮನೆಮಾತು ಕೊಂಕಣಿ, ಹೊರಗೆ ಅಪ್ಪಟ ಕುಂದಗನ್ನಡ. "ರಾತ್ರಿ ನಿದ್ರಿ ಬಂತಾ ಅಮ್ಮಾ? ಮಗ್ಲ್ ತಿರ್ಗುಕೆ ಆತ್ತಾ?" ಎಂದು ಕೇಳಿ, ಕಾಲು ಸರಿಸುವಾಗ ಮುಖ ನೋಡಿ, ಏಳು ಎಂದು ಬರೆದಳು. ಡಾಕ್ಟರು ಮಾತ್ರೆ ಬದಲಿಸಿದ್ದು ಆ ಏಳರ ಮೇಲೆ. ಆಕೆಯದು ಜಿಎನ್‌ಎಂ.

ಹಾಗೆಂದು ಡಿಗ್ರಿ ಬರೀ ಕಾಗದ ಎನ್ನುವವರ ಸಾಲಿನಲ್ಲಿ ನಾನಿಲ್ಲ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ, ಯುರೋಪಿನ ಒಂಬತ್ತು ದೇಶಗಳ ಅಧ್ಯಯನದಲ್ಲಿ, ಪದವೀಧರ ನರ್ಸುಗಳ ಪಾಲು ಶೇ. 10 ಹೆಚ್ಚಿದಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳು ಸಾಯುವ ಸಂಭವ ಶೇ. 7ರಷ್ಟು ಕಡಿಮೆಯಿತ್ತು. ಓದು ರೋಗಿಯ ಜೀವಕ್ಕೆ ಸಂಬಂಧಿಸಿದ್ದು. ನನ್ನ ತಕರಾರು, ರೋಗಿಯ ಭಾಷೆ ಬಲ್ಲವಳಿಗೆ ಆ ಬಲ್ಲತನಕ್ಕಾಗಿ ಒಂದು ರೂಪಾಯಿಯೂ ಸಿಗದಿರುವುದರ ಬಗ್ಗೆ. ಅದೇ ಸಿಸ್ಟರ್ ಬ್ರಿಟನ್ನಿಗೆ ಹೊರಟರೆ ಏನಾಗುತ್ತದೆ ನೋಡಿ. ಅಲ್ಲಿ ಸ್ವಂತ ಹುಡುಗಿಯರಿಗೆ 2013ರಿಂದ ಪದವಿ ಕಡ್ಡಾಯ. ನಮ್ಮ ಜಿಎನ್‌ಎಂಗೂ ನೋಂದಣಿ ಸಿಗುತ್ತದೆ, ಆದರೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ದಾಟಬೇಕು. ಒಇಟಿಯ ಮಾತಿನ ಪರೀಕ್ಷೆಯಲ್ಲಿ ಎದುರಿಗೆ ಕೂತವರು ರೋಗಿಯಂತೆ ನಟಿಸುತ್ತಾರೆ. ಗಾಬರಿಯಾದವರಿಗೆ ಧೈರ್ಯ ಹೇಳಬೇಕು, ನೋವು ಎಲ್ಲಿ ಎಂದು ನಯವಾಗಿ ಕೇಳಬೇಕು, ಅದೂ ಐದೈದು ನಿಮಿಷದಲ್ಲಿ. ದೊಡ್ಡಮ್ಮನ ಹಾಸಿಗೆಯ ಪಕ್ಕ ಬಿಟ್ಟಿಯಾಗಿ ಮಾಡಿದ್ದನ್ನೇ ಇಂಗ್ಲಿಷಿನಲ್ಲಿ ಫೀಸು ಕಟ್ಟಿ ಮಾಡಿ ತೋರಿಸಬೇಕು. ಪಾಸಾದರೆ ಡಿಪ್ಲೊಮಾ, ಡಿಗ್ರಿ ಎರಡಕ್ಕೂ ಶುರುವಿನ ದರ್ಜೆ ಒಂದೇ, ಬ್ಯಾಂಡ್ ಐದು. ಜರ್ಮನಿಗಾದರೆ ಜರ್ಮನ್ ಬಿ-2 ಹಂತ; ಕೇರಳ ಸರ್ಕಾರ 2021ರಲ್ಲೇ ಅಲ್ಲಿನ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು ತನ್ನ ನರ್ಸುಗಳಿಗೆ ಭಾಷೆ ಕಲಿಸಲು ಹೊರಟಿತು.

ನಮ್ಮ ನೆರೆಮನೆಯ ಹುಡುಗಿ ಈ ವರ್ಷ ಜಿಎನ್‌ಎಂ ಮುಗಿಸಿದಳು. ಐವತ್ತು ಹಾಸಿಗೆಗೆ ಮೇಲಿನ ಆಸ್ಪತ್ರೆಯಲ್ಲೇ ಮೊದಲ ಎರಡು ವರ್ಷ ಮಾಡು, ಅನುಭವದ ಪತ್ರದಲ್ಲಿ ಹಾಸಿಗೆ ಸಂಖ್ಯೆ ಬರೆಸಿಕೋ ಎಂದೆ. ಅವಳು ತಲೆಯಾಡಿಸಿದಳು. ಅವಳ ಅಮ್ಮ ಮೀನು ಕೊಯ್ಯುತ್ತಿದ್ದಲ್ಲಿಂದಲೇ ಕೂಗಿ ಕೇಳಿದರು: "ದೊಡ್ಡಾಸ್ಪತ್ರೆ ಸರಿ ಮಾರಾಯ್ರೆ, ರಾತ್ರಿ ಪಾಳಿ ಬಿಟ್ಮೇಲೆ ಬಸ್ಸಿಲ್ಲೆ. ಹಾಸ್ಟೆಲ್ ಕೊಡ್ತ್ರಾ? ಸಂಬಳದಾಗೆ ಎಷ್ಟ್ ಹಿಡಿತ್ರ್?"