ಸೌರಫಲಕವೂ ನಮ್ಮ ನಿರ್ಧಾರವೂ

ಇಷ್ಟಲಿಂಗಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದೆವು. ಸೌರಫಲಕದ ಮಾರಾಟಗಾರರೊಬ್ಬರು ಬಂದರು. ಮೂರು ಕಿಲೋವ್ಯಾಟ್ ಹಾಕಿಸಿದರೆ, 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ 78,000 ರೂಪಾಯಿ ಸಹಾಯಧನ, ಉಳಿದುದಕ್ಕೆ ಸಾಲ. ಇಂದೇ ಸಹಿ ಮಾಡಿರೆಂದರು. ನಮ್ಮ ತಾಯಿಯವರಿಗೆ ಉಬ್ಬಸ. ಕರೆಂಟು ಹೋದಾಗಲೂ ನೆಬ್ಯುಲೈಸರ್ ನಡೆಯಬೇಕೆಂಬುದೇ ನಮ್ಮ ಆಸೆಯಾಗಿತ್ತು. ಕೇಳಿದಾಗ ಅವರು ತಡವರಿಸಿದರು. ಬ್ಯಾಟರಿಯಿಲ್ಲದೆ ಗ್ರಿಡ್ಡಿಗೆ ಜೋಡಿಸಿದ ವ್ಯವಸ್ಥೆಯು, ತಂತಿ ದುರಸ್ತಿ ಮಾಡುವವರ ಪ್ರಾಣರಕ್ಷಣೆಗಾಗಿ, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆಯಂತೆ! ನಡುಹಗಲ ಬಿಸಿಲಿದ್ದರೂ ಅಷ್ಟೆ. ಬಿಲ್ಲಿನ ಉಳಿತಾಯವೆನ್ನೋಣವೆಂದರೆ, 2023ರ ಗೃಹಜ್ಯೋತಿಯಿಂದ ನಮ್ಮ ಬಿಲ್ಲು ಶೂನ್ಯವೇ ಆಗಿದೆ. ಸಾಲ ಮಾಡಿ ಯಾರಿಗಾಗಿ ಹಾಕಿಸುವುದು? ಸಹಿ ಮಾಡಲಿಲ್ಲ, ಕೂಡಿಟ್ಟ ಹಣದಲ್ಲಿ ಸಣ್ಣದೊಂದು ಇನ್ವರ್ಟರು ತಂದೆವು. ಬಂದವರು ಮಾತ್ರ, ತಾಯಿಯವರ ಒತ್ತಾಯಕ್ಕೆ, ಪ್ರಸಾದ ಸ್ವೀಕರಿಸಿಯೇ ಹೊರಟರು.